ಉತ್ತಮ ಪುರುಷರಿಗೆ ಇಲ್ಲದ ಕ್ರಿಯಾಪದ

ನಮ್ಮೂರ ಸೆಲೂನಿನ ಕನ್ನಡಿಯ ಮೇಲೆ ಒಂದು ಬೋರ್ಡಿದೆ. ‘ಇಲ್ಲಿ ರಾಜಕೀಯ ಮಾತಾಡಬಾರದು.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಾಲ ಕೇಳಬೇಡಿ’. ಗುರುತಿದ್ದವರಿಗೆ ಸಾಲ ಸಿಗುತ್ತದೆ. ರಾಜಕೀಯ ಮಾತ್ರ ಗುರುತಿಲ್ಲದವರಿಗೂ ಸಿಗುತ್ತದೆ, ಕಟಿಂಗ್ ಮುಗಿಯುವವರೆಗೆ.

ಒಂದು ಭಾನುವಾರ ಅಲ್ಲಿ ಸರದಿ ಕಾಯುತ್ತಾ ಕೂತಿದ್ದಾಗ ನನಗೊಂದು ವ್ಯಾಕರಣದ ಸತ್ಯ ಹೊಳೆಯಿತು. ಶಾಲೆಯಲ್ಲಿ ಕಲಿತದ್ದು ನೆನಪಿದೆ ಅಲ್ವಾ? ಅವನು ಪ್ರಥಮ ಪುರುಷ, ನೀನು ಮಧ್ಯಮ ಪುರುಷ, ನಾನು ಉತ್ತಮ ಪುರುಷ. ಈಗ ‘ರಾಜಕೀಯ ಮಾಡು’ ಅನ್ನುವ ಕ್ರಿಯಾಪದ ತೆಗೆದುಕೊಳ್ಳಿ. ‘ಅವನು ರಾಜಕೀಯ ಮಾಡುತ್ತಾನೆ.’ ಸರಿ. ‘ನೀನು ಇದರಲ್ಲಿ ರಾಜಕೀಯ ಮಾಡಬೇಡ.’ ಇದೂ ಸರಿ, ದಿನಕ್ಕೆ ನಾಲ್ಕು ಸಲ ಕಿವಿಗೆ ಬೀಳುತ್ತದೆ. ‘ನಾನು ರಾಜಕೀಯ ಮಾಡುತ್ತೇನೆ’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಐದು ಸಲ ಗೆದ್ದ ಶಾಸಕರ ಬಾಯಲ್ಲೂ ಬರುವುದಿಲ್ಲ. ಅವರು ಸೇವೆ ಮಾಡುತ್ತಾರೆ. ಎದುರಿನವರು ರಾಜಕೀಯ ಮಾಡುತ್ತಾರೆ. ಉತ್ತಮ ಪುರುಷರಿಗೆ ಈ ಕ್ರಿಯಾಪದವೇ ಇಲ್ಲ.

ಒಂದೇ ಒಂದು ವಿನಾಯಿತಿ ಇದೆ. ‘ಆರೋಪ ಸಾಬೀತಾದರೆ ನಾನು ರಾಜಕೀಯ ನಿವೃತ್ತಿ ತೆಗೆದುಕೊಳ್ಳುತ್ತೇನೆ.’ ಮಾಡದೇ ಇದ್ದ ಕೆಲಸದಿಂದ ನಿವೃತ್ತಿ ಹೇಗೆ ಅಂತ ಕೇಳಬೇಡಿ. ಆ ‘ರೆ’ ಪ್ರತ್ಯಯ ಇರುವವರೆಗೆ ಯಾರೂ ಮನೆಗೆ ಹೋಗಬೇಕಾಗಿಲ್ಲ.

ಕನ್ನಡ ಈ ವಿಷಯದಲ್ಲಿ ತುಂಬಾ ಶ್ರೀಮಂತ. ಒಂದು ಪದ ಸಾಕಾಗದೆ ಮೂರು ಇಟ್ಟುಕೊಂಡಿದ್ದೇವೆ. ನಮ್ಮವರು ಮಾಡಿದರೆ ‘ರಾಜಕಾರಣ’. ಹಿಂದೆ ‘ಮೌಲ್ಯಾಧಾರಿತ’, ‘ಅಭಿವೃದ್ಧಿ’ ಅಂತ ಏನಾದರೂ ಅಂಟಿಸಿದರೆ ಇನ್ನೂ ಲಕ್ಷಣ. ಎದುರಿನವರು ಮಾಡಿದರೆ ‘ರಾಜಕೀಯ’, ಬೇಕಾದರೆ ‘ಕೊಳಕು’ ಸೇರಿಸಬಹುದು. ಆಫೀಸಿನಲ್ಲಿ ಪ್ರಮೋಷನ್ ತಪ್ಪಿದರೆ, ಓರಗಿತ್ತಿ ಅತ್ತೆಗೆ ಚಾಡಿ ಹೇಳಿದರೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಬೇರೆಯವರ ಪಾಲಾದರೆ ಅದು ‘ಪಾಲಿಟಿಕ್ಸ್’. ಪ್ರಮೋಷನ್ ನಮಗೇ ಬಂದರೆ ಪ್ರತಿಭೆ.

ಮೂಲದಲ್ಲಿ ‘ರಾಜಕೀಯ’ ಅಂದರೆ ರಾಜನಿಗೆ ಸೇರಿದ್ದು, ಅಷ್ಟೇ. ಹಿಂದಿಯಲ್ಲಿ ಈಗಲೂ ಸರ್ಕಾರಿ ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಇದು ಗೊತ್ತಿಲ್ಲದೆ ರಾಜಸ್ಥಾನಕ್ಕೆ ಹೋದೆ. ದಾರಿಯುದ್ದಕ್ಕೂ ‘ರಾಜಕೀಯ ವಿದ್ಯಾಲಯ’ದ ಬೋರ್ಡುಗಳು. ಅಬ್ಬಾ, ಇಲ್ಲಿ ಮಕ್ಕಳಿಗೆ ಬಹಿರಂಗವಾಗಿಯೇ ಕಲಿಸುತ್ತಾರೆ, ನಮ್ಮಲ್ಲಿ ಎಲ್ಲ ಕದ್ದುಮುಚ್ಚಿ ಅಂದುಕೊಂಡೆ. ಮುಂದೆ ‘ರಾಜಕೀಯ ಚಿಕಿತ್ಸಾಲಯ’ ಬಂತು. ಅದನ್ನು ನೋಡಿ ನಿಜಕ್ಕೂ ಸಂತೋಷವಾಯಿತು. ಕಾಯಿಲೆಗೆ ಕೊನೆಗೂ ಆಸ್ಪತ್ರೆ!

1971ರಲ್ಲಿ ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವೂ ನಿಂತುಹೋಯಿತು. ಪದ ಮಾತ್ರ ಉಳಿಯಿತು, ಬಿಳಿ ಕಾರು ಹತ್ತಿ ಹಿಂದೊಂದು ಮುಂದೊಂದು ಗಾಡಿ ಇಟ್ಟುಕೊಂಡು ಓಡಾಡುತ್ತಿದೆ. ಸುಸ್ತಾದರೆ ರೆಸಾರ್ಟಿಗೆ ಹೋಗುತ್ತದೆ. ಈ ಆತಿಥ್ಯದಲ್ಲಿ ಕರ್ನಾಟಕದ ಕೈ ಹಳೆಯದು. 1984ರಲ್ಲಿ ಎನ್.ಟಿ. ರಾಮರಾವ್ ಕಡೆಯ ಆಂಧ್ರದ ಶಾಸಕರನ್ನು ಕಾಪಾಡಿದೆವು. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರಿಗೆ ಬಿಡದಿ ತೋರಿಸಿದೆವು. 2019ರಲ್ಲಿ ನಮ್ಮವರೇ ಮುಂಬೈ ಹೋಟೆಲಿನಲ್ಲಿ ಕೂತು ಇಲ್ಲಿಯ ಸರ್ಕಾರ ಬೀಳುವುದನ್ನು ನೋಡಿದರು. ಅಲ್ಲೂ ಯಾರೂ ರಾಜಕೀಯ ಮಾಡಲಿಲ್ಲ. ಸುಮ್ನೆ ವಿಶ್ರಾಂತಿ.

ಇನ್ನು ವೇದಿಕೆಗಳ ಕಥೆ. ಹೋದ ವರ್ಷ ಒಂದು ಶಾಲಾ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಮುಖ್ಯ ಅತಿಥಿ ಮೈಕ್ ಹಿಡಿದು ‘ಇದು ರಾಜಕೀಯ ವೇದಿಕೆ ಅಲ್ಲ’ ಅಂದರು. ಜನ ಚಪ್ಪಾಳೆ ತಟ್ಟಿದರು. ಅವರು ಒಂದು ಗುಟುಕು ನೀರು ಕುಡಿದು ‘ಆದರೂ’ ಅಂದರು. ಆ ‘ಆದರೂ’ ಮುಕ್ಕಾಲು ಗಂಟೆ ನಡೆಯಿತು. ಮಧ್ಯೆ ಮೇಕೆದಾಟು, ಮಹದಾಯಿ, ಹಿಂದಿನ ಶಾಸಕರ ಚರಂಡಿ ಎಲ್ಲ ಬಂದವು. ಪಕ್ಕದಲ್ಲಿ ನವಿಲಿನ ವೇಷ ಹಾಕಿಕೊಂಡು ಕಾಯುತ್ತಿದ್ದ ಮಗು ನಿಂತಲ್ಲೇ ತೂಕಡಿಸಿ ಗರಿಯ ಮೇಲೆ ಕೂತುಬಿಟ್ಟಿತು. ನೀರಿನ ವಿಚಾರದಲ್ಲಿ ಯಾರೂ ರಾಜಕೀಯ ಬೆರೆಸಬಾರದು ಅಂತ ಅವರು ಮುಗಿಸಿದರು. ಬೆರೆಸದೆ ಹಾಗೇ ಕುಡಿಸಿದ್ದರು.

ಆದರೆ ಈ ಪದದ ಅಸಲಿ ಕಸರತ್ತು ನೋಡಬೇಕಾದರೆ ಗ್ರಾಮ ಪಂಚಾಯಿತಿಗೆ ಬರಬೇಕು. ನಮ್ಮ ರಾಜ್ಯದಲ್ಲಿ ಆ ಚುನಾವಣೆ ಪಕ್ಷರಹಿತ. ಪಕ್ಷದ ಚಿಹ್ನೆ ಇಲ್ಲ, ಬಿ ಫಾರಂ ಇಲ್ಲ. ಹಳ್ಳಿಗೆ ರಾಜಕೀಯ ಹೊಗಬಾರದು ಅಂತ ಸದುದ್ದೇಶ. 2020ರ ಡಿಸೆಂಬರಿನಲ್ಲಿ 5,700ಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಹೀಗೆಯೇ ಮತದಾನ ನಡೆಯಿತು. ನಮ್ಮ ಸೆಲೂನಿನವನೂ ನಿಂತಿದ್ದ. ಕತ್ತರಿ ಗುರುತು ಕೊಡಿ ಅಂತ ಕೇಳಿದನಂತೆ, ಹೊಲಿಗೆ ಯಂತ್ರ ಸಿಕ್ಕಿತು. ಕರಪತ್ರದಲ್ಲಿ ಪಕ್ಷದ ಹೆಸರಿರಲಿಲ್ಲ. ಹೆಗಲ ಮೇಲಿನ ಶಾಲಿಗೆ ಬಣ್ಣವಿತ್ತು. ಪ್ರಚಾರಕ್ಕೆ ಬಂದ ಮಾಜಿ ಶಾಸಕರು ‘ಹಳೇ ಸ್ನೇಹಿತ, ಹಾಗೇ ನೋಡಿ ಹೋಗೋಣ ಅಂತ ಬಂದೆ’ ಅಂದರು. ಹನ್ನೊಂದು ಕಾರುಗಳಲ್ಲಿ ಬಂದಿದ್ದರು.

30ನೇ ತಾರೀಕು ಎಣಿಕೆ ಮುಗಿಯಿತು. ಪಕ್ಷಗಳೇ ಇಲ್ಲದ ಚುನಾವಣೆಯಲ್ಲಿ ಯಾವ ಪಕ್ಷ ಎಷ್ಟು ಗೆದ್ದಿದೆ ಅನ್ನುವ ಲೆಕ್ಕ ಸಂಜೆಯ ಹೊತ್ತಿಗೆ ಬರತೊಡಗಿತು. ನಾವೇ ಜಾಸ್ತಿ ಅಂತ ಇವರು, ಇಲ್ಲ ನಾವೇ ಅಂತ ಅವರು. ಪತ್ರಿಕೆಯವರ ಹತ್ತಿರ ಇದಕ್ಕೊಂದು ಮಡಿಯ ಪದ ರೆಡಿ ಇದೆ, ‘ಬೆಂಬಲಿತ’. ಇಂಥ ಪಕ್ಷದ ಬೆಂಬಲಿತ ಅಭ್ಯರ್ಥಿ. ಅಂದರೆ ಮುಟ್ಟಿಲ್ಲ, ಆದರೆ ಹಿಂದೆ ನಿಂತಿದ್ದರು.

ನಮ್ಮವನೂ ಬೆಂಬಲಿತನಾಗಿ ಗೆದ್ದ. ಆಮೇಲೆ ಅಧ್ಯಕ್ಷರ ಆಯ್ಕೆಗೆ ಮುಂಚೆ ಎಂಟು ದಿನ ಸೆಲೂನಿಗೆ ಬೀಗ. ಸದಸ್ಯರೆಲ್ಲ ಧರ್ಮಸ್ಥಳ, ಗೋಕರ್ಣ ಅಂತ ತೀರ್ಥಯಾತ್ರೆ ಹೋಗಿದ್ದರು, ಫೋನ್ ಸ್ವಿಚ್ ಆಫ್ ಮಾಡಿಕೊಂಡು.

ಅವನು ಬಂದ ಮೇಲೆ ಗಡ್ಡಕ್ಕೆ ಹೋದೆ. ಬೋರ್ಡ್ ಹಾಗೇ ಇತ್ತು. ಪಕ್ಕದಲ್ಲಿ ಮಾಜಿ ಶಾಸಕರ ಫೋಟೋ ಇರುವ ಹೊಸ ಕ್ಯಾಲೆಂಡರ್. ಕೆನ್ನೆಗೆ ನೊರೆ ಹಚ್ಚುವಾಗ ಮೆಲ್ಲಗೆ ಕೇಳಿದೆ, ‘ಅಲ್ಲಪ್ಪಾ, ಕೊನೆಗೂ ನೀನೂ ರಾಜಕೀಯಕ್ಕೆ ಇಳಿದೆಯಲ್ಲ?’

ಅವನು ಬ್ಲೇಡು ಮುರಿದು ಕತ್ತಿಗೆ ಸಿಕ್ಕಿಸಿದ. ನನ್ನ ಗದ್ದ ಮೇಲಕ್ಕೆತ್ತಿ ಬೋರ್ಡಿನ ಕಡೆ ತಿರುಗಿಸಿದ.

‘ಓದಿ ಸಾರ್. ಮತ್ತೆ ಅಲ್ಲಾಡಬೇಡಿ.’