ಹೊಳೆಗೆ ಬಟ್ಟೆ ಬಿಡಬೇಡ್ರಪ್ಪಾ

ಶ್ರೀರಂಗಪಟ್ಟಣದ ಹೊಳೆದಂಡೆಯ ಸಂಜೆ ಅಂದ್ರೆ ನನಗೆ ಪ್ರಾಣ. ಬಿಸಿಲು ಇಳಿದು, ಕಾವೇರಿ ತಾಮ್ರದ ಬಣ್ಣಕ್ಕೆ ತಿರುಗಿ, 1804ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ನೆರಳು ನೀರಲ್ಲಿ ಉದ್ದಕ್ಕೆ ಅಲುಗಾಡುತ್ತಿರುತ್ತದೆ. ನಿನ್ನೆ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟೆ. ಏನೋ ತಣ್ಣಗೆ ಸುತ್ತಿಕೊಂಡಿತು. ಎಳೆದರೆ ಪಂಚೆ! ಅದರ ಹಿಂದೆಯೇ ಒಂದು ಸೀರೆ, ಪಾಚಿ ಹಿಡಿದು ಲೋಳೆಯಾಗಿತ್ತು. ಸ್ನಾನ ಮಾಡಿ ಉಟ್ಟ ಬಟ್ಟೆ ಹೊಳೆಗೆ ಬಿಟ್ಟರೆ ದೋಷ ಕಳೆಯುತ್ತದೆ ಅಂತಾರೆ. ಬಟ್ಟೆ ಹೋಗೋದಾದರೂ ಎಲ್ಲಿಗೆ? ಮುಂದಿನ ಬಂಡೆಗೆ ಸಿಕ್ಕಿ ಅಲ್ಲೇ ಕೊಳೆಯುತ್ತದೆ, ಅಲ್ವಾ? ತಾಯಿ ಅಂತ ಕೈಮುಗಿದು, ಅರಿಶಿನ ಕುಂಕುಮ ಹಾಕಿ, ಮರುಗಳಿಗೆಯಲ್ಲೇ ಅವಳ ಮಡಿಲಿಗೆ ಒದ್ದೆ ಗಂಟು ಎಸೆಯೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ದಡದಲ್ಲಾದರೂ ಇಡಿ. ನಾನು ಆ ಎರಡನ್ನೂ ಮೇಲಕ್ಕೆಳೆದು ಹಾಕುವಷ್ಟರಲ್ಲಿ ಕತ್ತಲಾಗಿತ್ತು.