ಸರೋವರದ ಅತಿಕ್ರಮ ಪ್ರವೇಶ

2023ರ ವಸಂತದಲ್ಲಿ ಕ್ಯಾಲಿಫೋರ್ನಿಯಾದ ಟುಲೇರಿ ಸರೋವರವು ಯಾರ ಅಪ್ಪಣೆಯನ್ನೂ ಕೇಳದೆ ಖಾಸಗಿ ಜಮೀನುಗಳಿಗೆ ನುಗ್ಗಿ, ಲಕ್ಷಕ್ಕೂ ಹೆಚ್ಚು ಎಕರೆಯ ಮೇಲೆ ಕಾಲುಚಾಚಿ ಮಲಗಿತು. ಒಂದು ಕಾಲಕ್ಕೆ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಇದಕ್ಕಿಂತ ದೊಡ್ಡ ಸಿಹಿನೀರಿನ ಸರೋವರ ಇರಲಿಲ್ಲವೆಂಬುದು ನಿಜ. ಆದರೆ ಅದರ ಹೆಸರಿನಲ್ಲಿ ಒಂದೆಕರೆಯ ಕ್ರಯಪತ್ರವೂ ಇಲ್ಲವಲ್ಲ!

ಜೌಗು ನೆಲವನ್ನು ರಾಜ್ಯಗಳಿಗೆ ಬಿಟ್ಟುಕೊಡುವ ಕಾನೂನು ಅಮೆರಿಕದಲ್ಲಿ 1850ರಲ್ಲೇ ಬಂದಿತ್ತು. ನೀರು ಬಸಿದವನಿಗೆ ನೆಲ. ಕಿಂಗ್ಸ್, ಕವೀಯಾ, ಟೂಲಿ, ಕರ್ನ್ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿ, ಆ ಶತಮಾನ ಮುಗಿಯುವುದರೊಳಗೆ ಸರೋವರವನ್ನು ಬತ್ತಿಸಿದರು. ಅಷ್ಟರಲ್ಲಿ ಅದರ ಆಮೆಗಳು ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲುಗಳಿಗೆ ರವಾನೆಯಾಗಿ, ಸೂಪಿನ ಬಟ್ಟಲಿನಲ್ಲಿ ಶ್ರೀಮಂತರ ದರ್ಶನ ಭಾಗ್ಯವನ್ನೂ ಪಡೆದಿದ್ದವು. ಸರೋವರವನ್ನು ಪಾಶಿ ಎಂದು ಕರೆಯುವ, ತಲೆಮಾರುಗಳಿಂದ ಇದರ ದಡದಲ್ಲೇ ಬದುಕಿದ್ದ ಮೂಲನಿವಾಸಿಗಳಾದ ಟಾಚಿ ಯೋಕುಟ್ ಜನರಿಗೆ ಸೂಪೂ ಸಿಗಲಿಲ್ಲ, ದಡವೂ ಉಳಿಯಲಿಲ್ಲ. 1962ರ ಹೊತ್ತಿಗೆ ನಾಲ್ಕೂ ನದಿಗಳಿಗೆ ಅಣೆಕಟ್ಟು ಬಿದ್ದು, ಸರೋವರದ ತಳದಲ್ಲಿ ಹತ್ತಿ ನಳನಳಿಸಿತು. ಆದರೂ 1983ರಲ್ಲಿ ಒಮ್ಮೆ, 1997ರಲ್ಲಿ ಇನ್ನೊಮ್ಮೆ ಈ ಲಜ್ಜೆಗೆಟ್ಟ ನೀರು ಹಳೆಯ ಮನೆಗೆ ಮರಳಿತ್ತು.

ಈ ಸಲ ಶೆರಿಫರು, ಅಂದರೆ ಅಲ್ಲಿನ ಜಿಲ್ಲಾ ಪೊಲೀಸ್ ಮುಖ್ಯಸ್ಥರು, ಎಚ್ಚೆತ್ತುಕೊಂಡು, ಇಲ್ಲಿ ಯಾರೂ ದೋಣಿಯಾಡಬಾರದೆಂದು ಆಜ್ಞೆ ಹೊರಡಿಸಿದರು. ನೀರಿನಡಿ ವಿದ್ಯುತ್ ತಂತಿ, ಗೊಬ್ಬರ, ಡೀಸೆಲ್ ಎಲ್ಲವೂ ಇದ್ದುದರಿಂದ ಆಜ್ಞೆ ಸರಿಯೇ. ಸರೋವರಕ್ಕೂ ಒಂದು ನೋಟಿಸು ಅಂಟಿಸಬಹುದಿತ್ತು.

ಇನ್ನು ಪಂಪುಗಳ ಮಹಿಮೆ. ಮೇಲಿನ ನೀರು ಮುಗಿದ ಮೇಲೆ ಅಡಿಯ ನೀರನ್ನೂ ಹೀರಿದ್ದರಿಂದ, ಕಾರ್ಕರನ್ ಪಟ್ಟಣದ ಸುತ್ತಲಿನ ನೆಲ ಕೆಲವೆಡೆ 14 ವರ್ಷಗಳಲ್ಲಿ 11 ಅಡಿಗೂ ಹೆಚ್ಚು ಕುಸಿಯಿತು. ಸರೋವರವನ್ನು ಓಡಿಸಿದವರೇ ಅದು ಹಿಂದಿರುಗಿದಾಗ ಇಕ್ಕಟ್ಟಾಗದಿರಲೆಂದು ತಳವನ್ನು ಇನ್ನಷ್ಟು ಆಳ ಮಾಡಿಟ್ಟ ಔದಾರ್ಯ ಬೇರೆಲ್ಲಿ ಕಂಡೀತು? ನೆಲದೊಡನೆ ಪಟ್ಟಣವನ್ನು ನೀರಿನಿಂದ ಕಾಯುವ ಒಡ್ಡೂ ಕುಸಿದಿತ್ತು. 2017ರಲ್ಲಿ ಎತ್ತರಿಸಿದ್ದ ಅದನ್ನು 2023ರಲ್ಲಿ ಮತ್ತೆ ಎತ್ತರಿಸಬೇಕಾಯಿತು. ರಾಜ್ಯದ ಬೊಕ್ಕಸದಿಂದ 1.7 ಕೋಟಿ ಡಾಲರ್ ಬಂತು.

ಹೊಗಳಿದ್ದು ಸಾಕು. ನೆಲದಡಿಯ ನೀರು ಹತ್ತಿಯಾಗಿ, ಟೊಮ್ಯಾಟೊ ಆಗಿ ಕೆಲವರ ಖಾತೆಗೆ ಹೋಯಿತು; ಕುಸಿತದ ಬಿಲ್ಲು ಮಾತ್ರ ಎಲ್ಲರ ಹೆಸರಿಗೆ ಬಂತು. ಯಾರ ಒಡ್ಡು ಒಡೆಯಬೇಕು, ಯಾರ ಹೊಲ ಉಳಿಯಬೇಕೆಂದು ದೊಡ್ಡ ಜಮೀನ್ದಾರರು ಕಾದಾಡುತ್ತಿದ್ದಾಗ, 1908ರಲ್ಲಿ ಕಪ್ಪು ಜನರು ತಮಗಾಗಿ ಕಟ್ಟಿಕೊಂಡ ಆಲನ್ಸ್‌ವರ್ತ್ ಎಂಬ ಬಡ ಊರಿನವರು ತಾವೇ ಸಲಿಕೆ ಹಿಡಿದು ನೀರಿಗೆ ಅಡ್ಡ ನಿಂತರು. ಮುಳುಗಿದ ಹೊಲಗಳಲ್ಲಿ ದುಡಿಯುತ್ತಿದ್ದ ಕೂಲಿಗಳ ಕೆಲಸವೂ ಹೊಲದೊಡನೆಯೇ ಮುಳುಗಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ವರ್ಷ ಕಳೆಯುವುದರೊಳಗೆ ನೀರು ಬಹುಪಾಲು ಇಂಗಿ, ಆರಿ, ಪಂಪುಗಳ ಪಾಲಾಗಿ, ಹೊಲಗಳು ಮೇಲೆದ್ದವು. 2024ರ ಏಪ್ರಿಲ್‌ನಲ್ಲಿ ರಾಜ್ಯದ ಜಲ ಮಂಡಳಿಯು ಈ ಪ್ರದೇಶದ ಅಂತರ್ಜಲವನ್ನು ತನ್ನ ನಿಗಾದಡಿ ತಂದು, ಎತ್ತಿದ ನೀರಿಗೆ ಲೆಕ್ಕ ಕೊಡಿ, ಶುಲ್ಕ ಕಟ್ಟಿ ಎಂದಿತು. ಮರು ತಿಂಗಳೇ ಕೌಂಟಿಯ (ಅಲ್ಲಿನ ಜಿಲ್ಲೆಯ) ಕೃಷಿಕರ ಸಂಘವು ಇದು ಘೋರ ಅನ್ಯಾಯವೆಂದು ನ್ಯಾಯಾಲಯದ ಮೆಟ್ಟಿಲೇರಿತು.