ನೋಟಿಸ್ ಬಂದ ಮೇಲೆ ವಕೀಲರನ್ನು ಹುಡುಕುವುದೇ?

ಬ್ರಿಟನ್ನಿನ 1968ರ ಔಷಧ ಕಾಯ್ದೆ ಬಹುಕಾಲ ನಿರ್ದಯವಾಗಿತ್ತು. ವೈದ್ಯರು ಬರೆದ ಮಾತ್ರೆಯ ಬದಲು ಬೇರೊಂದು ಕೈತಪ್ಪಿ ಹೋದರೂ ಫಾರ್ಮಸಿಸ್ಟ್ ಅಪರಾಧಿ. ಎರಡು ವರ್ಷದವರೆಗೆ ಸೆರೆವಾಸ. ಬೇಕೆಂದೇ ಮಾಡಿದರೇ ಎಂದು ಯಾರೂ ಕೇಳಬೇಕಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಇದು ಬದಲಾಯಿತು. ನೋಂದಾಯಿತ ಔಷಧಾಲಯದಲ್ಲಿ ಅಚಾತುರ್ಯದಿಂದ ತಪ್ಪು ನಡೆದಿದ್ದು, ಗೊತ್ತಾದ ಕೂಡಲೇ ರೋಗಿಗೆ ತಿಳಿಸಿದ್ದರೆ, ಅದನ್ನೇ ನ್ಯಾಯಾಲಯದಲ್ಲಿ ತಮ್ಮ ರಕ್ಷಣೆಗೆ ಮುಂದಿಡಬಹುದು.

ಇಲ್ಲಿ ಇದೇ ವೃತ್ತಿಯಲ್ಲಿರುವ ನಾನು ಈ ತಿದ್ದುಪಡಿಯನ್ನು ತುಂಬು ಮನಸ್ಸಿನಿಂದ ಮೆಚ್ಚುತ್ತೇನೆ. ಜೈಲಿನ ಭಯವಿದ್ದವರು ತಪ್ಪನ್ನು ಮುಚ್ಚಿಡುತ್ತಾರೆ, ರೋಗಿ ತಪ್ಪು ಮಾತ್ರೆಯನ್ನೇ ನುಂಗುತ್ತಿರುತ್ತಾರೆ. ಇದಕ್ಕೆ ಜೊತೆಯಾಗಿ ಬ್ರಿಟನ್ನಿನಲ್ಲಿ 2014ರಿಂದ ವೃತ್ತಿ ವಿಮೆ, ಅಂದರೆ ಕೆಲಸದಲ್ಲಾದ ತಪ್ಪಿಗೆ ಕೊಡಬೇಕಾದ ಪರಿಹಾರದ ಹೊರೆ ಹೊರುವ ವಿಮೆ, ಕಡ್ಡಾಯ. ಅದಿಲ್ಲದೆ ನೋಂದಣಿ ಉಳಿಯುವುದಿಲ್ಲ. ಅಲ್ಲಿನ ವೈದ್ಯರು 1885ರಷ್ಟು ಹಿಂದೆಯೇ ತಮ್ಮ ಕಾನೂನು ರಕ್ಷಣೆಗೆಂದು ಮೆಡಿಕಲ್ ಡಿಫೆನ್ಸ್ ಯೂನಿಯನ್ ಎಂಬ ಸಂಘ ಕಟ್ಟಿಕೊಂಡಿದ್ದರು. ಈಗ ಫಾರ್ಮಸಿಸ್ಟರಿಗೂ ಅಂಥ ಸಂಘವಿದೆ. ವೃತ್ತಿಯ ನಿಯಂತ್ರಣ ಮಂಡಳಿಯಿಂದ ದೂರಿನ ಪತ್ರ ಬಂದರೆ ಉತ್ತರ ಬರೆಯುವ ಮೊದಲೇ ಈ ವೃತ್ತಿಯನ್ನು ಬಲ್ಲ ವಕೀಲರ ಸಲಹೆ ಸಿಗುತ್ತದೆ. ಮಂಡಳಿಯ ವಿಚಾರಣೆ ವರ್ಷ ದಾಟಿ ಎಳೆಯುವುದೂ ಉಂಟು, ಅದು ನಿಜಕ್ಕೂ ಜೀವ ಹಿಂಡುತ್ತದೆ. ಆದರೆ ಅದನ್ನು ಒಬ್ಬಂಟಿಯಾಗಿ ಎದುರಿಸಬೇಕಾಗಿಲ್ಲ.

ಭಾರತದಲ್ಲಿ ಕಾನೂನಿನ ಕಾಳಜಿ ವೈದ್ಯರ ಬಳಿ ಬಂದು ನಿಂತುಬಿಟ್ಟಿದೆ. ಗಂಭೀರ ನಿರ್ಲಕ್ಷ್ಯವಿಲ್ಲದೆ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಸಲ್ಲದು, ಅದಕ್ಕೂ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ; ಚಿಕಿತ್ಸೆ ನೀಡುವ ನೋಂದಾಯಿತ ವೈದ್ಯರಿಗೆ ಮಾತ್ರ ಅದು ಎರಡು ವರ್ಷ. ಫಾರ್ಮಸಿಸ್ಟರು, ದಾದಿಯರು ಆ ರಿಯಾಯಿತಿಯ ಹೊರಗೆ. ಒಂದೇ ಚಿಕಿತ್ಸೆಯ ಸರಪಳಿಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ಹೆಚ್ಚು ಶಿಕ್ಷೆ! ಇದನ್ನು ಒಪ್ಪಲು ನನ್ನಿಂದಾಗದು.

ವಕೀಲರ ನೆರವಿನ ಮಾತೂ ಹಾಗೆಯೇ. ಔಷಧ ನಿಯಂತ್ರಣ ಇಲಾಖೆಯ ಶೋಕಾಸ್ ನೋಟಿಸ್, ಅಂದರೆ ಕ್ರಮ ಏಕೆ ಕೈಗೊಳ್ಳಬಾರದು ಎಂದು ಕಾರಣ ಕೇಳುವ ಪತ್ರ, ಕೈಸೇರಿದ ಮೇಲೆಯೇ ಬಹಳ ಮಂದಿಗೆ ವಕೀಲರ ನೆನಪಾಗುತ್ತದೆ. ಸಿಗುವವರು ಜಮೀನಿನ ವ್ಯಾಜ್ಯಗಳಲ್ಲಿ ಪಳಗಿದವರಿರಬಹುದು. ಔಷಧ ಮಾರಾಟ ಪರವಾನಗಿಯ ಷರತ್ತುಗಳನ್ನು ಹೇಳುವ, 1945ರ ಔಷಧ ನಿಯಮಗಳ 65ನೇ ನಿಯಮವನ್ನು ಅವರು ಅಂದೇ ತೆರೆದು ನೋಡುತ್ತಾರೆ. ಪರವಾನಗಿ ರದ್ದಾದರೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಲು ಇರುವುದು ಮೂರೇ ತಿಂಗಳು. ಇನ್ನು, ತಮ್ಮ ಪ್ರಮಾಣಪತ್ರವನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟು ತಾವು ಬೇರೆಲ್ಲೋ ಇರುವ ಯುವಕರಿದ್ದಾರೆ. ವೈದ್ಯರ ಚೀಟಿಯ ಔಷಧ ನೋಂದಾಯಿತ ಫಾರ್ಮಸಿಸ್ಟರ ಖುದ್ದು ಮೇಲ್ವಿಚಾರಣೆಯಲ್ಲೇ ಹೋಗಬೇಕು ಎಂಬ ನಿಯಮದ ತೂಕವನ್ನು ಅವರಿಗೆ ಯಾರೂ ಸಕಾಲದಲ್ಲಿ ತಿಳಿಸಿಲ್ಲ. ಆ ದಂಧೆಗೆ ನನ್ನ ಸಹಾನುಭೂತಿಯಿಲ್ಲ, ಆದರೆ ಅದರಲ್ಲಿ ಮೊದಲು ಸಿಕ್ಕಿಬೀಳುವವರು ಅವರೇ.

ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ನೋಂದಣಿಯ ಜೊತೆಯಲ್ಲೇ ಸಾಮೂಹಿಕ ವೃತ್ತಿ ವಿಮೆಯನ್ನೂ ಕಾನೂನು ಸಲಹೆಯ ಸಹಾಯವಾಣಿಯನ್ನೂ ಒದಗಿಸಲಿ. 106ನೇ ಕಲಮಿನ ರಿಯಾಯಿತಿಯನ್ನು ಫಾರ್ಮಸಿಸ್ಟರಿಗೂ ದಾದಿಯರಿಗೂ ವಿಸ್ತರಿಸಬೇಕೆಂದು ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಲಿ. ತಪ್ಪನ್ನು ತಾವಾಗಿ ತಿಳಿಸಿದವರಿಗೆ ರಕ್ಷಣೆ ಕೊಡುವ ತಿದ್ದುಪಡಿಗೂ ಅದೇ ಚರ್ಚೆಯಲ್ಲಿ ಜಾಗವಿರಬೇಕು.